ಜೀವಕೋಶ ಸುಮ್ಮನಾಯಿತು ಎಂದರೆ ಏನರ್ಥ?

ಮೊದಲು ಒಂದು ಕೊಳವೆಯನ್ನು ಹತ್ತಿರದಿಂದ ನೋಡೋಣ. ತಳದಲ್ಲಿ ಫೈಕಾಲ್ ಎಂಬ ತುಸು ಮಂದವಾದ, ಬಣ್ಣವಿಲ್ಲದ ದ್ರವವಿದೆ. ಅದರ ಮೇಲೆ ಕೊಳವೆಯ ಗೋಡೆಗುಂಟ ಪಿಪೆಟ್‌ನಿಂದ ಮೆಲ್ಲಗೆ ರಕ್ತ ಇಳಿಸಬೇಕು. ಕೈ ಅಲುಗಿದರೆ ಎರಡೂ ಬೆರೆತುಹೋಗುತ್ತವೆ. ಬೆರೆಯದೆ ಉಳಿದರೆ ಸೆಂಟ್ರಿಫ್ಯೂಜ್‌ನಲ್ಲಿಟ್ಟು ಅರ್ಧ ಗಂಟೆ ತಿರುಗಿಸಿ, ಬ್ರೇಕ್ ಹಾಕದೆ ತಾನಾಗಿಯೇ ನಿಲ್ಲಲು ಬಿಡಬೇಕು. ಹೊರಗೆ ತೆಗೆದಾಗ ಕೆಂಪು ರಕ್ತಕಣಗಳೆಲ್ಲ ತಳ ಸೇರಿರುತ್ತವೆ. ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ, ಫೈಕಾಲ್‌ನ ಅಂಚಿನಲ್ಲಿ, ಮಂಜು ಕವಿದಂತೆ ತೆಳುವಾದ ಒಂದು ಬಿಳಿ ಉಂಗುರ.

ನಮಗೆ ಬೇಕಾದದ್ದು ಆ ಉಂಗುರ. ಲಿಂಫೋಸೈಟ್, ಮೊನೊಸೈಟ್ ಎಂಬ ರೋಗನಿರೋಧಕ ಕೋಶಗಳು ಅಲ್ಲಿ ಸೇರಿರುತ್ತವೆ. ಫೈಕಾಲ್ ದ್ರವದ ಸಾಂದ್ರತೆಯನ್ನು ಮಿಲಿಲೀಟರಿಗೆ 1.077 ಗ್ರಾಂ ಬರುವಂತೆ ಹದ ಮಾಡಿರುತ್ತಾರೆ. ಕೆಂಪುಕಣ ಅದಕ್ಕಿಂತ ಭಾರವಾದ್ದರಿಂದ ಮುಳುಗುತ್ತದೆ, ಲಿಂಫೋಸೈಟ್ ಹಗುರವಾದ್ದರಿಂದ ತೇಲುತ್ತದೆ. ನಾರ್ವೆಯ ಆರ್ನೆ ಬೋಯುಮ್ 1968ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಲ್ಯಾಬುಗಳಲ್ಲಿ ಹೆಚ್ಚು ಬದಲಾಗದೆ ಬಳಕೆಯಲ್ಲಿದೆ.

'ಇಂಥ ಔಷಧ ರೋಗನಿರೋಧಕ ಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನ ತೋರಿಸಿದೆ' ಎಂಬ ಸಾಲನ್ನು ಸುದ್ದಿಯಲ್ಲಿ ಆಗಾಗ ಓದುತ್ತೇವೆ. ಆ ಸಾಲಿನ ಹಿಂದೆ ಹೆಚ್ಚಾಗಿ ಇಂಥದೇ ಒಂದು ಬಿಳಿ ಉಂಗುರ ಇರುತ್ತದೆ. 'ಚಟುವಟಿಕೆ' ಎಂಬ ಪದವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಕೋಶ ಸತ್ತುಹೋಯಿತೇ? ಬದುಕಿದ್ದೂ ಸುಮ್ಮನಾಯಿತೇ? ಸುಮ್ಮನಾಗಿದ್ದರೆ ಕೆಲಸದ ಯಾವ ಹಂತದಲ್ಲಿ? ಇವು ಬೇರೆ ಬೇರೆ ಪ್ರಶ್ನೆಗಳು. ಯಾವುದನ್ನು ಕೇಳಿದ್ದಾರೆ ಎಂಬುದರ ಮೇಲೆ ಉತ್ತರದ ಬೆಲೆ ನಿಂತಿದೆ. ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ, ಏಕೆಂದರೆ ಇದರಷ್ಟು ಸ್ವಚ್ಛವಾಗಿ ಬಿಡಿಸಿಟ್ಟ ಔಷಧಗಳು ಕಡಿಮೆ.

ಇದರ ಮೂಲ ಮಣ್ಣು. 1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಉದ್ಯೋಗಿಯೊಬ್ಬರು ರಜೆಗೆಂದು ನಾರ್ವೆಗೆ ಹೋಗಿದ್ದಾಗ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯಿಂದ ಒಂದಿಷ್ಟು ಮಣ್ಣು ತಂದರು. ಹೊಸ ಸೂಕ್ಷ್ಮಜೀವಿ ಸಿಗಬಹುದೆಂದು ಹೋದಲ್ಲೆಲ್ಲ ಮಣ್ಣು ತರುವುದು ಅಲ್ಲಿ ರೂಢಿಯಾಗಿತ್ತು. ಆ ಮಣ್ಣಿನಲ್ಲಿದ್ದ ಟೋಲಿಪೊಕ್ಲಾಡಿಯಮ್ ಇನ್‌ಫ್ಲೇಟಮ್ ಎಂಬ ಶಿಲೀಂಧ್ರ 11 ಅಮೈನೋ ಆಮ್ಲಗಳು ಬಳೆಯಂತೆ ಕೂಡಿಕೊಂಡ ಒಂದು ಅಣುವನ್ನು ತಯಾರಿಸುತ್ತಿತ್ತು. ಅವರು ಹುಡುಕುತ್ತಿದ್ದದ್ದು ಬೂಷ್ಟು ಕೊಲ್ಲುವ ಔಷಧ. ಆ ಕೆಲಸಕ್ಕೆ ಈ ಅಣು ಅಷ್ಟಕ್ಕಷ್ಟೇ ಎನಿಸಿತು. 1972ರಲ್ಲಿ ಬಾಸೆಲ್‌ನ ಲ್ಯಾಬಿನಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದಾಗ ಬೇರೆಯೇ ಕಥೆ ತೆರೆದುಕೊಂಡಿತು. ಪ್ರತಿಕಾಯಗಳ ತಯಾರಿ ತೀವ್ರವಾಗಿ ಕುಸಿಯಿತು, ಆದರೆ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಏನೂ ಆಗಲಿಲ್ಲ.

ಈ ಎರಡನೆಯ ಮಾತೇ ಮುಖ್ಯ. ಆವರೆಗೆ ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುತ್ತಿದ್ದ ಅಜಥಯೋಪ್ರಿನ್‌ನಂಥ ಔಷಧಗಳು ವಿಭಜನೆಯಾಗುವ ಕೋಶ ಯಾವುದೇ ಇರಲಿ, ಅದಕ್ಕೆ ಏಟು ಕೊಡುತ್ತಿದ್ದವು. ಅದರಿಂದ ಅಸ್ಥಿಮಜ್ಜೆಯೂ ಬಳಲುತ್ತಿತ್ತು. ಈ ಹೊಸ ಅಣು ಎಲ್ಲ ಕೋಶಗಳನ್ನು ಕೊಲ್ಲುವ ಜಾತಿಯದಾಗಿದ್ದರೆ ಕ್ಯಾನ್ಸರ್ ಕೋಶಗಳೂ ಸಾಯಬೇಕಿತ್ತು. ಅವು ಸಾಯಲಿಲ್ಲ. ಅಂದರೆ ಇದು ರೋಗನಿರೋಧಕ ಕೋಶಕ್ಕೇ ಸಂಬಂಧಿಸಿದ ಏನನ್ನೋ ಹಿಡಿದು ನಿಲ್ಲಿಸುತ್ತಿದೆ. ಜಾನ್-ಫ್ರಾಂಸ್ವಾ ಬೊರೆಲ್ ಮತ್ತು ಹಾರ್ಟ್‌ಮನ್ ಸ್ಟೇಹೆಲಿನ್ ಆ ಕೆಲಸದಲ್ಲಿದ್ದವರು. ಬೊರೆಲ್ ಮತ್ತು ಸಹೋದ್ಯೋಗಿಗಳ ಲೇಖನ 1976ರಲ್ಲಿ ಬಂತು.

ಈಗ ಅದೇ ಪ್ರಶ್ನೆಯನ್ನು ಮನುಷ್ಯರ ಕೋಶಗಳಿಗೆ ಕೇಳೋಣ.

ಬಿಳಿ ಉಂಗುರದಿಂದ ತೆಗೆದ ಕೋಶಗಳನ್ನು ತೊಳೆದು, 96 ಸಣ್ಣ ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಂಚುತ್ತಾರೆ. ಗುಳಿಯೊಂದಕ್ಕೆ 200 ಮೈಕ್ರೊಲೀಟರ್ ಪೋಷಕ ದ್ರವ, ಅದರಲ್ಲಿ ಒಂದೆರಡು ಲಕ್ಷ ಕೋಶ. ತಟ್ಟೆ ಇರುವುದು 37 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ. ಹೀಗೇ ಬಿಟ್ಟರೆ ಆ ಕೋಶಗಳು ಏನನ್ನೂ ಮಾಡುವುದಿಲ್ಲ. ರಕ್ತದಲ್ಲಿ ಸುತ್ತುವ ಟಿ ಕೋಶ, ಅಂದರೆ ಲಿಂಫೋಸೈಟ್‌ಗಳ ಒಂದು ಬಗೆ, ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುತ್ತದೆ, ಮತ್ತು ಮಲಗಿರುವವರನ್ನು ಮಲಗಿಸಿ ತೋರಿಸಲಾಗದು. ಔಷಧ ಸುಮ್ಮನಾಗಿಸುತ್ತದೆಯೇ ಎಂದು ತಿಳಿಯಬೇಕಾದರೆ ಮೊದಲು ಎಬ್ಬಿಸಬೇಕು.

ಎಬ್ಬಿಸಲು ಹಲವು ದಾರಿಗಳಿವೆ. ರಾಜ್ಮಾ ಕಾಳಿನಿಂದ ತೆಗೆದ ಫೈಟೋಹೀಮ್ಯಾಗ್ಲುಟಿನಿನ್ ಎಂಬ ಪ್ರೋಟೀನ್ ಟಿ ಕೋಶಗಳನ್ನು ವಿಭಜನೆಗೆ ಹಚ್ಚುತ್ತದೆ ಎಂದು ಪೀಟರ್ ನೋವೆಲ್ 1960ರಲ್ಲಿ ತೋರಿಸಿದರು. ರಕ್ತದಲ್ಲಿರುವ ಲಿಂಫೋಸೈಟ್ ಬೆಳೆದು ಮುಗಿದ ಕೋಶ, ಅದು ಇನ್ನು ವಿಭಜಿಸದು ಎಂಬ ನಂಬಿಕೆ ಅಲ್ಲಿಗೆ ಬಿತ್ತು. ಈಗ ಹೆಚ್ಚಾಗಿ ಬಳಸುವುದು ಸಿಡಿ3, ಸಿಡಿ28 ಎಂಬ ಮೇಲ್ಮೈ ಪ್ರೋಟೀನುಗಳನ್ನು ಹಿಡಿದು ಅಲುಗಿಸುವ ಪ್ರತಿಕಾಯಗಳನ್ನು. ಶತ್ರು ಕಂಡಾಗ ಟಿ ಕೋಶಕ್ಕೆ ಸಿಗುವ ಎರಡು ಸಂಕೇತಗಳ ಅನುಕರಣೆ ಅದು: 'ಇಲ್ಲಿ ಪರಕೀಯ ಏನೋ ಇದೆ' ಎಂಬುದೊಂದು, 'ಹೌದು, ಕೆಲಸಕ್ಕೆ ಇಳಿ' ಎಂಬುದು ಇನ್ನೊಂದು. ಇಬ್ಬರು ಅಪರಿಚಿತರ ಕೋಶಗಳನ್ನು ಒಂದೇ ಗುಳಿಯಲ್ಲಿ ಬೆರೆಸಿ, ಒಂದು ಇನ್ನೊಂದನ್ನು ಪರಕೀಯವೆಂದು ಗುರುತಿಸುವುದನ್ನು ನೋಡುವ ಪದ್ಧತಿಯೂ ಇದೆ. ಅಂಗ ಕಸಿಯಲ್ಲಿ ನಡೆಯುವುದಕ್ಕೆ ಅದು ಹೆಚ್ಚು ಹತ್ತಿರ.

ಎಬ್ಬಿಸಿದ ಎರಡನೆಯ ದಿನ ಆ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ನನಗೆ ಇಂದಿಗೂ ಸಂತೋಷದ ಕ್ಷಣ. ಮೊದಲ ದಿನ ಮರಳು ಚೆಲ್ಲಿದಂತೆ ಬಿಡಿಬಿಡಿಯಾಗಿದ್ದ ಕೋಶಗಳು ದ್ರಾಕ್ಷಿ ಗೊಂಚಲುಗಳಂತೆ ಒತ್ತಿಕೊಂಡಿರುತ್ತವೆ. ಒಂದೊಂದೂ ಮೊದಲಿಗಿಂತ ದಪ್ಪ. ಪಕ್ಕದ ಗುಳಿಯಲ್ಲಿ ಅದೇ ಕೋಶ, ಅದೇ ಪ್ರಚೋದನೆ, ಜೊತೆಗೆ ಸೈಕ್ಲೋಸ್ಪೋರಿನ್: ಅಲ್ಲಿ ಮರಳು ಹೆಚ್ಚುಕಡಿಮೆ ಮರಳಾಗಿಯೇ ಉಳಿದಿರುತ್ತದೆ.

ಕಣ್ಣಿಗೆ ಕಂಡದ್ದನ್ನು ಅಂಕಿಗೆ ಇಳಿಸಬೇಕು. ಹಿಂದೆ ವಿಕಿರಣ ಸೂಸುವ ಥೈಮಿಡಿನ್ ಹಾಕಿ, ಹೊಸ ಡಿಎನ್‌ಎ ಕಟ್ಟುವಾಗ ಕೋಶ ಎಷ್ಟನ್ನು ಒಳಗೆ ಸೇರಿಸಿಕೊಂಡಿತು ಎಂದು ಎಣಿಸುತ್ತಿದ್ದರು. ಈಗ ಸಿಎಫ್‌ಎಸ್‌ಇ ಎಂಬ ಹೊಳೆಯುವ ಬಣ್ಣ ಬಳಸುವುದು ಹೆಚ್ಚು. ಕೋಶ ಎರಡಾದಾಗ ಬಣ್ಣವೂ ಎರಡು ಪಾಲಾಗಿ ಹೊಳಪು ಅರ್ಧಕ್ಕಿಳಿಯುತ್ತದೆ, ಮತ್ತೆ ವಿಭಜಿಸಿದರೆ ಕಾಲು ಭಾಗಕ್ಕೆ. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಒಂದೊಂದೇ ಕೋಶ ಲೇಸರ್ ಮುಂದೆ ಹಾದುಹೋಗುವಾಗ ಅದರ ಹೊಳಪು ನೋಡಿ, ಇದು ಎಷ್ಟನೆಯ ತಲೆಮಾರು ಎಂದು ಹೇಳಬಹುದು. ಕೋಶ ಹೊರಗೆ ಬಿಟ್ಟ ಸೈಟೊಕೈನ್‌ಗಳನ್ನು, ಅಂದರೆ ಕೋಶಗಳು ಪರಸ್ಪರ ಕಳಿಸುವ ರಾಸಾಯನಿಕ ಸಂದೇಶಗಳನ್ನು, ಎಲೈಸಾ ಪರೀಕ್ಷೆಯಿಂದ ಅಳೆಯುತ್ತಾರೆ.

ಇಲ್ಲೊಂದು ಎಚ್ಚರಿಕೆ. ಸತ್ತ ಕೋಶವೂ ವಿಭಜಿಸುವುದಿಲ್ಲ, ಸೈಟೊಕೈನ್ ಬಿಡುವುದಿಲ್ಲ. ವಿಷ ಹಾಕಿದರೂ 'ಚಟುವಟಿಕೆ ತಗ್ಗಿತು' ಎಂಬ ಅಂಕಿಯೇ ಬರುತ್ತದೆ! ಹಾಗಾಗಿ ಪ್ರತಿ ಗುಳಿಯಲ್ಲೂ ಎಷ್ಟು ಕೋಶ ಬದುಕಿವೆ ಎಂಬ ಲೆಕ್ಕ ಬೇಕು. ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೆ ಪೊರೆ ಹರಿದ ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಈ ಲೆಕ್ಕ ಇಲ್ಲದ ಅಧ್ಯಯನವನ್ನು ನಾನು ಮುಂದೆ ಓದುವುದೇ ಇಲ್ಲ.

ಇನ್ನೊಂದು ಬಗೆಯ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ಔಷಧದ ಅತಿ ಹೆಚ್ಚಿನ ಪ್ರಮಾಣ ಹಾಕಿದ ಗುಳಿಗಳಲ್ಲಿ ಕೋಶಗಳು ಚೆನ್ನಾಗಿಯೇ ಸುಮ್ಮನಾಗಿದ್ದವು. ಗ್ರಾಫ್ ಕೂಡ ಸುಂದರವಾಗಿ ಇಳಿದಿತ್ತು. ಔಷಧ ನೀರಿನಲ್ಲಿ ಕರಗದೆಂದು ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದೆ, ಪ್ರಮಾಣ ಹೆಚ್ಚಿಸುತ್ತ ಹೋದಂತೆ ದ್ರಾವಕವೂ ಹೆಚ್ಚುತ್ತ ಹೋಗಿತ್ತು. ಕೊನೆಯ ಗುಳಿಯಲ್ಲಿ ಅದು ಶೇ 1 ದಾಟಿತ್ತು. ಅಷ್ಟು ಡಿಎಂಎಸ್‌ಒ ಒಂದೇ ಸಾಕು, ಲಿಂಫೋಸೈಟ್ ವಿಭಜನೆ ಕುಂಠಿತವಾಗಲು. ಔಷಧವಿಲ್ಲದೆ ಅಷ್ಟೇ ದ್ರಾವಕ ಹಾಕಿದ ಜೋಡಿ ಗುಳಿ ಇಟ್ಟಿದ್ದರೆ ಅವತ್ತೇ ತಿಳಿಯುತ್ತಿತ್ತು. ಇಟ್ಟಿರಲಿಲ್ಲ. ಎರಡು ವಾರದ ಕೆಲಸ ಮೊದಲಿನಿಂದ ಮಾಡಬೇಕಾಯಿತು.

ಸೈಕ್ಲೋಸ್ಪೋರಿನ್ ಈ ಎಲ್ಲ ಪರೀಕ್ಷೆಗಳನ್ನೂ ದಾಟಿದೆ. ಕೋಶಗಳು ಸಾಯುವುದಿಲ್ಲ. ಇಂಟರ್‌ಲ್ಯೂಕಿನ್-2 ಎಂಬ ಸೈಟೊಕೈನ್ ಮಾತ್ರ ಬಹುತೇಕ ನಿಂತುಹೋಗುತ್ತದೆ. ಟಿ ಕೋಶ ಇದನ್ನು ತಾನೇ ತಯಾರಿಸಿ, ಹೊರಗೆ ಬಿಟ್ಟು, ಮತ್ತೆ ತಾನೇ ಹಿಡಿದು ವಿಭಜನೆಗೆ ತೊಡಗುತ್ತದೆ. ಹಾಗಾದರೆ ಔಷಧ ಎಲ್ಲಿ ಕೈ ಹಾಕಿತು?

ಟಿ ಕೋಶಕ್ಕೆ ಸಂಕೇತ ಮುಟ್ಟಿದ ಕೂಡಲೇ ಅದರ ಒಳಗಿನ ಕ್ಯಾಲ್ಸಿಯಂ ಮಟ್ಟ ಸುಮಾರು ಹತ್ತು ಪಟ್ಟು ಏರುತ್ತದೆ. ಈ ಏರಿಕೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಎನ್‌ಫ್ಯಾಟ್ ಎಂಬ ಇನ್ನೊಂದು ಪ್ರೋಟೀನ್ ಮೈತುಂಬ ಫಾಸ್ಫೇಟ್ ಗುಂಪುಗಳನ್ನು ಹೊತ್ತು ಕೋಶದ್ರವದಲ್ಲಿ ಕಾಯುತ್ತಿರುತ್ತದೆ. ಆ ಹೊರೆ ಇರುವವರೆಗೆ ಅದಕ್ಕೆ ಕೋಶಕೇಂದ್ರದೊಳಗೆ ಪ್ರವೇಶವಿಲ್ಲ. ಕ್ಯಾಲ್ಸಿನ್ಯೂರಿನ್ ಆ ಫಾಸ್ಫೇಟ್‌ಗಳನ್ನು ಕತ್ತರಿಸಿ ಹೊರೆ ಇಳಿಸುತ್ತದೆ. ಎನ್‌ಫ್ಯಾಟ್ ಕೇಂದ್ರದೊಳಗೆ ನುಗ್ಗಿ ಇಂಟರ್‌ಲ್ಯೂಕಿನ್-2ರ ಜೀನನ್ನು ತೆರೆಯುತ್ತದೆ. ಸೈಕ್ಲೋಸ್ಪೋರಿನ್ ನಿಲ್ಲಿಸುವುದು ಈ ಹೊರೆ ಇಳಿಸುವ ಕೆಲಸವನ್ನು.

ಅದನ್ನು ಮಾಡುವ ಬಗೆ ವಿಚಿತ್ರ. ಸೈಕ್ಲೋಸ್ಪೋರಿನ್ ತಾನೊಂದೇ ಹೋಗಿ ಕ್ಯಾಲ್ಸಿನ್ಯೂರಿನ್‌ಗೆ ಅಡ್ಡ ನಿಲ್ಲಲಾರದು. ಕೋಶದಲ್ಲಿ ಧಾರಾಳವಾಗಿರುವ ಸೈಕ್ಲೋಫಿಲಿನ್ ಎಂಬ ಪ್ರೋಟೀನಿಗೆ ಅದು ಮೊದಲು ಅಂಟಿಕೊಳ್ಳುತ್ತದೆ. ಸೈಕ್ಲೋಫಿಲಿನ್ 1984ರಲ್ಲಿ ಸಿಕ್ಕಾಗ ಔಷಧದ ಗುರಿ ಇದೇ ಎಂದು ತೋರುವುದು ಸಹಜವಾಗಿತ್ತು. ಆದರೆ ಸೈಕ್ಲೋಫಿಲಿನ್‌ಗೆ ಚೆನ್ನಾಗಿಯೇ ಅಂಟಿ, ಟಿ ಕೋಶಕ್ಕೆ ಏನೂ ಮಾಡದ ಸೋದರ ಅಣುಗಳೂ ಸಿಕ್ಕವು. ಗುರಿ ಅದೇ ಆಗಿದ್ದರೆ ಹೀಗಾಗಬಾರದಿತ್ತು. ಔಷಧ ಮತ್ತು ಸೈಕ್ಲೋಫಿಲಿನ್ ಜೋಡಿಯಾಗಿ ಕ್ಯಾಲ್ಸಿನ್ಯೂರಿನ್ ಮೇಲೆ ಕೂರುತ್ತವೆ ಎಂಬ ಉತ್ತರ 1991ರಲ್ಲಿ ಸ್ಟುವರ್ಟ್ ಶ್ರೈಬರ್ ಮತ್ತು ಸಹೋದ್ಯೋಗಿಗಳಿಂದ ಬಂತು. ಔಷಧ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದು ಆಗಲೇ ವರ್ಷಗಳಾಗಿದ್ದವು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ.

ಕ್ಯಾಲ್ಸಿನ್ಯೂರಿನ್ ದೇಹದ ಎಷ್ಟೋ ಅಂಗಾಂಶಗಳಲ್ಲಿದೆ. ಆದರೂ ಟಿ ಕೋಶಕ್ಕೇ ಹೆಚ್ಚು ಏಟು ಬೀಳಲು ಒಂದು ಕಾರಣ, ಅದರಲ್ಲಿ ಈ ಕಿಣ್ವ ಕಡಿಮೆ ಇರುವುದು. ಇರುವ ಸ್ವಲ್ಪವನ್ನೂ ಹಿಡಿದಿಟ್ಟರೆ ಕೆಲಸ ನಿಲ್ಲುತ್ತದೆ.

ಹೋಲಿಕೆಗೆ ಇನ್ನೆರಡು ಔಷಧಗಳನ್ನು ಪಕ್ಕದ ಗುಳಿಗಳಿಗೆ ಹಾಕಿ ನೋಡಿದರೆ 'ಚಟುವಟಿಕೆ' ಎಂಬ ಪದ ಎಷ್ಟು ಸಡಿಲ ಎಂಬುದು ಗೊತ್ತಾಗುತ್ತದೆ. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಟ್ಯಾಕ್ರೊಲಿಮಸ್ ಎಫ್‌ಕೆಬಿಪಿ ಎಂಬ ಪ್ರೋಟೀನಿನ ಜೊತೆ ಸೇರಿ, ಅದೇ ಕ್ಯಾಲ್ಸಿನ್ಯೂರಿನ್‌ಗೆ ಅಡ್ಡ ನಿಲ್ಲುತ್ತದೆ. ಅಣು ಬೇರೆ, ಜೊತೆಗಾರ ಬೇರೆ, ಗುರಿ ಒಂದೇ. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ರಾಪಮೈಸಿನ್ ಎಫ್‌ಕೆಬಿಪಿಯನ್ನೇ ಹಿಡಿದರೂ ಹೋಗಿ ತಡೆಯುವುದು ಎಂಟಾರ್ ಎಂಬ ಬೇರೊಂದು ಕಿಣ್ವವನ್ನು. ಇಲ್ಲಿ ಜೊತೆಗಾರ ಒಂದೇ, ಗುರಿ ಬೇರೆ.

ಐದನೆಯ ದಿನ ವಿಭಜನೆಯನ್ನಷ್ಟೇ ಎಣಿಸಿದರೆ ಮೂರೂ ಔಷಧಗಳು ಒಂದೇ ಥರ ಕಾಣುತ್ತವೆ: ವಿಭಜನೆ ತಗ್ಗಿದೆ. ಮೊದಲ ದಿನವೇ ದ್ರವ ತೆಗೆದು ಇಂಟರ್‌ಲ್ಯೂಕಿನ್-2 ಅಳೆದರೆ ದಾರಿ ಕವಲೊಡೆಯುತ್ತದೆ. ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ಗುಳಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರಾಪಮೈಸಿನ್ ಗುಳಿಯಲ್ಲಿ ಅದು ತಯಾರಾಗಿರುತ್ತದೆ, ಆದರೆ ಅದರ ಮಾತು ಕೇಳಿ ವಿಭಜಿಸುವ ಶಕ್ತಿ ಕೋಶಕ್ಕಿಲ್ಲ. ಒಂದರಲ್ಲಿ ಕಾಗದ ಬರೆದೇ ಇಲ್ಲ, ಇನ್ನೊಂದರಲ್ಲಿ ಕಾಗದ ತಲುಪಿದೆ, ಓದಿ ನಡೆಯುವವರಿಲ್ಲ. ಔಷಧ ಹಾಕುವ ಹೊತ್ತನ್ನು ಬದಲಿಸಿದರೆ ಈ ಭೇದ ಇನ್ನಷ್ಟು ಗಟ್ಟಿಯಾಗುತ್ತದೆ. ಕೋಶವನ್ನು ಎಬ್ಬಿಸಿ ಒಂದೆರಡು ದಿನ ಕಳೆದ ಮೇಲೆ ಸೈಕ್ಲೋಸ್ಪೋರಿನ್ ಹಾಕಿದರೆ ಹೆಚ್ಚೇನೂ ಉಪಯೋಗವಿಲ್ಲ, ಹೊತ್ತು ಮೀರಿರುತ್ತದೆ. ರಾಪಮೈಸಿನ್ ತಡವಾಗಿ ಬಂದರೂ ಕೆಲಸ ಮಾಡುತ್ತದೆ. ಯಾವ ಹಂತದಲ್ಲಿ ತಡೆಯಿದೆ ಎಂಬುದನ್ನು ಗಡಿಯಾರವೇ ಹೇಳಿಕೊಡುವ ಈ ಬಗೆಯ ಪ್ರಯೋಗ ನನಗೆ ಬಹಳ ಇಷ್ಟ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಪ್ರಶ್ನೆ ಸರಿಯಿದ್ದರೆ ಸಾಕು.

ಪ್ರಮಾಣದ ಮಾತಿಗೆ ಬರೋಣ. ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವ ರೋಗಿಗಳಲ್ಲಿ ಮುಂದಿನ ಗುಳಿಗೆಗೆ ಮುಂಚೆ ರಕ್ತ ತೆಗೆದು, ಔಷಧದ ಮಟ್ಟ ಅಳೆಯುತ್ತಾರೆ. ಮಿಲಿಲೀಟರಿಗೆ 100 ನ್ಯಾನೊಗ್ರಾಂ ಎಂದರೆ ಲ್ಯಾಬಿನ ಭಾಷೆಯಲ್ಲಿ ಸುಮಾರು 83 ನ್ಯಾನೊಮೋಲಾರ್. ತಟ್ಟೆಯಲ್ಲಿ ಇಂಟರ್‌ಲ್ಯೂಕಿನ್-2 ನಿಲ್ಲುವುದೂ ಇದೇ ಆಸುಪಾಸಿನಲ್ಲಿ. ಎರಡೂ ಹೊಂದುತ್ತವೆ, ಆದ್ದರಿಂದ ತಟ್ಟೆಯ ಫಲಿತಾಂಶಕ್ಕೆ ಅರ್ಥವಿದೆ. ಯಾರಾದರೂ 20 ಮೈಕ್ರೊಮೋಲಾರ್, ಅಂದರೆ ಇದಕ್ಕಿಂತ 200 ಪಟ್ಟಿಗೂ ಹೆಚ್ಚು ಸುರಿದು ಹೊಸ ಪರಿಣಾಮ ಕಂಡೆವು ಎಂದರೆ, ಆ ಪರಿಣಾಮ ನಿಜವೇ ಇರಬಹುದು, ಆದರೆ ಯಾವ ರೋಗಿಯ ರಕ್ತದಲ್ಲೂ ಅದು ನಡೆಯುವಂಥದ್ದಲ್ಲ. ಹೊಂದಾಣಿಕೆಯಲ್ಲೂ ಒಂದು ತೊಡಕಿದೆ. ರಕ್ತದಲ್ಲಿ ಈ ಔಷಧದ ಹೆಚ್ಚಿನ ಪಾಲು ಕೆಂಪುಕಣಗಳಲ್ಲಿ, ಕೊಬ್ಬು ಹೊರುವ ಪ್ರೋಟೀನುಗಳಲ್ಲಿ ಸೇರಿಕೊಂಡಿರುತ್ತದೆ. ತಟ್ಟೆಯಲ್ಲಿ ಕೆಂಪುಕಣಗಳೇ ಇಲ್ಲ, ಸೀರಮ್ ಇರುವುದು ಸಾಮಾನ್ಯವಾಗಿ ಶೇ 10. ಅದೇ ಅಂಕಿ, ಆದರೆ ಕೋಶಕ್ಕೆ ಸಿಗುವ ಔಷಧ ಬೇರೆ. ಪ್ಲಾಸ್ಟಿಕ್ಕಿಗೂ ಒಂದಿಷ್ಟು ಅಂಟಿಕೊಳ್ಳುತ್ತದೆ.

ತಟ್ಟೆಯಲ್ಲಿ ಮೂತ್ರಪಿಂಡವೂ ಇಲ್ಲ. 1978ರಲ್ಲಿ ಕೇಂಬ್ರಿಡ್ಜ್‌ನಲ್ಲಿ ರಾಯ್ ಕಾಲ್ನ್ ಸೈಕ್ಲೋಸ್ಪೋರಿನ್ನನ್ನು ಮೂತ್ರಪಿಂಡ ಕಸಿಯಾದ ರೋಗಿಗಳಿಗೆ ಮೊದಲ ಬಾರಿ ಕೊಟ್ಟಾಗ, ಯಾವ ಅಂಗವನ್ನು ಉಳಿಸಲು ಔಷಧ ಕೊಡುತ್ತಿದ್ದರೋ ಅದಕ್ಕೇ ಅದು ಹಾನಿ ಮಾಡಬಲ್ಲದು ಎಂಬುದು ಬೆಳಕಿಗೆ ಬಂತು. ಲಿಂಫೋಸೈಟ್‌ಗಳನ್ನು ಎಷ್ಟು ಸಾವಿರ ಬಾರಿ ಪರೀಕ್ಷಿಸಿದ್ದರೂ ಅದು ತಿಳಿಯುತ್ತಿರಲಿಲ್ಲ.

ಇದಕ್ಕಿಂತ ಕಠಿಣವಾದ ಪಾಠ 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ಆಯಿತು. ಟಿಜಿಎನ್1412 ಎಂಬುದು ಟಿ ಕೋಶವನ್ನು ಸುಮ್ಮನಾಗಿಸುವ ಬದಲು ಎಬ್ಬಿಸುವ ಪ್ರತಿಕಾಯ. ಸಿಡಿ28 ಒಂದನ್ನೇ ಹಿಡಿದು, ಮೊದಲನೆಯ ಸಂಕೇತದ ಹಂಗಿಲ್ಲದೆ ಎಬ್ಬಿಸಬಲ್ಲದು. ಉರಿಯೂತವನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುವುದು ಉದ್ದೇಶವಾಗಿತ್ತು. ಮಂಗಗಳಲ್ಲಿ ತೊಂದರೆ ಕಂಡಿರಲಿಲ್ಲ. ಮನುಷ್ಯರ ಬಿಳಿ ಉಂಗುರದ ಕೋಶಗಳಿಗೆ ದ್ರವವಾಗಿ ಹಾಕಿದಾಗಲೂ ಅವು ಸೈಟೊಕೈನ್ ಬಿಟ್ಟಿರಲಿಲ್ಲ. ಮಂಗಗಳಿಗೆ ಸುರಕ್ಷಿತವಾದ ಪ್ರಮಾಣದ 500ರಲ್ಲಿ ಒಂದು ಪಾಲನ್ನು, ಅಂದರೆ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ, ಆರು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಒಂದೂವರೆ ಗಂಟೆಯೊಳಗೆ ಆರೂ ಜನರ ದೇಹದಲ್ಲಿ ಸೈಟೊಕೈನ್‌ಗಳ ಪ್ರವಾಹವೇ ಎದ್ದಿತು, ಅಂಗಗಳು ಸೋಲತೊಡಗಿದವು. ತೀವ್ರ ನಿಗಾ ಘಟಕದ ಆರೈಕೆಯಿಂದ ಎಲ್ಲರೂ ಬದುಕುಳಿದರು, ಆದರೆ ಒಬ್ಬರು ಬೆರಳುಗಳ ಭಾಗಗಳನ್ನು ಕಳೆದುಕೊಂಡರು.

ತಟ್ಟೆ ಸುಳ್ಳು ಹೇಳಿತೇ? ಹಾಗೆ ಹೇಳುವುದು ಸುಲಭ. ವಿಜ್ಞಾನಿಗಳು ಮುಂದಿನ ವರ್ಷಗಳಲ್ಲಿ ಮಾಡಿದ್ದು ಕಷ್ಟದ ಕೆಲಸ: ತಟ್ಟೆಗೆ ತಾವು ಕೇಳಿದ್ದೇನು ಎಂದು ಮತ್ತೆ ನೋಡಿದರು. ಮಂಗದ ವಿಷಯ ಮೊದಲು. ಸೈಟೊಕೈನ್ ಸುರಿಯುವ, ಹಿಂದೆ ಶತ್ರುವನ್ನು ಎದುರಿಸಿದ ಅನುಭವಿ ಸಿಡಿ4 ಎಂಬ ಬಗೆಯ ಟಿ ಕೋಶಗಳ ಮೇಲೆ ಮನುಷ್ಯರಲ್ಲಿ ಸಿಡಿ28 ಇದೆ, ಪರೀಕ್ಷೆಗೆ ಬಳಸಿದ ಜಾತಿಯ ಮಂಗಗಳಲ್ಲಿ ಅದು ಇಲ್ಲ. ಹಾಗಾಗಿ ಮಂಗಗಳು ಸುರಕ್ಷಿತವಾಗಿದ್ದವು. ಇನ್ನು ಮನುಷ್ಯ ಕೋಶಗಳ ತಟ್ಟೆ. ಪ್ರತಿಕಾಯವನ್ನು ದ್ರವದಲ್ಲಿ ತೇಲಿಬಿಡುವ ಬದಲು ಗುಳಿಯ ಗೋಡೆಗೆ ಅಂಟಿಸಿದಾಗ, ಅಥವಾ ರಕ್ತನಾಳದ ಒಳಪದರದ ಕೋಶಗಳನ್ನು ಜೊತೆಗಿಟ್ಟಾಗ, ಅದೇ ಕೋಶಗಳು ಸೈಟೊಕೈನ್ ಸುರಿಸಿದವು.

ಅತ್ಯಂತ ಅರ್ಥಪೂರ್ಣವಾದ ಉತ್ತರ 2011ರಲ್ಲಿ ಜರ್ಮನಿಯಿಂದ ಬಂತು. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿರುವುದು ಶೇ 2ರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿ, ಗುಲ್ಮದಂಥ ಅಂಗಾಂಶಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ನೆರೆಯವರ ಮೈಯನ್ನು ಸದಾ ತಡವುತ್ತಿರುತ್ತವೆ. ಆ ಸ್ಪರ್ಶವೇ ಟಿ ಕೋಶವನ್ನು ಅರೆಎಚ್ಚರದಲ್ಲಿ ಇಡುತ್ತದೆ. ರಕ್ತಕ್ಕೆ ಇಳಿದ ಕೋಶ ಆ ಎಚ್ಚರವನ್ನು ಕಳೆದುಕೊಳ್ಳುತ್ತದೆ. ನಾವು ಫೈಕಾಲ್ ಮೇಲೆ ತೇಲಿಸಿ ತೆಗೆಯುವುದು ಇಂಥ ಕೋಶಗಳನ್ನೇ, ಅದೂ ವಿರಳವಾಗಿ ಹರಡಿ ಬೆಳೆಸುತ್ತೇವೆ. ಆ ತಂಡ ಕೋಶಗಳನ್ನು ಎರಡು ದಿನ ಮಿಲಿಲೀಟರಿಗೆ ಒಂದು ಕೋಟಿಯಂತೆ ಒತ್ತೊತ್ತಾಗಿ ಇಟ್ಟು, ಆಮೇಲೆ ಎಂದಿನಂತೆ ಹರಡಿ ಟಿಜಿಎನ್1412 ಹಾಕಿತು. ದ್ರವದಲ್ಲಿ ತೇಲುವ ಪ್ರತಿಕಾಯಕ್ಕೇ ಈ ಬಾರಿ ಕೋಶಗಳು ಸೈಟೊಕೈನ್ ಸುರಿಸಿದವು. ಸುಮ್ಮನಿದ್ದದ್ದು ಔಷಧದ ಗುಣವಲ್ಲ, ಒಂಟಿತನದ ಗುಣ.

ಅದೇ ಒತ್ತೊತ್ತಾದ ಕೋಶಗಳ ಮೇಲೆ ಅದೇ ಪ್ರತಿಕಾಯವನ್ನು ಬಹಳ ಕಡಿಮೆ ಪ್ರಮಾಣದಿಂದ ಹಿಡಿದು ಮತ್ತೆ ಪರೀಕ್ಷಿಸಿದರು. ಉರಿಯೂತದ ಸೈಟೊಕೈನ್ ಏಳದೆ, ನಿಯಂತ್ರಕ ಟಿ ಕೋಶಗಳಷ್ಟೇ ಎಚ್ಚರಗೊಳ್ಳುವ ಒಂದು ಕಿರಿದಾದ ವ್ಯಾಪ್ತಿ ಅಲ್ಲಿ ಕಂಡಿತು. ಆಮೇಲೆ ಟಿಎಬಿ08 ಎಂಬ ಹೊಸ ಹೆಸರಿನಲ್ಲಿ ರಷ್ಯಾದಲ್ಲಿ 30 ಸ್ವಯಂಸೇವಕರಿಗೆ ಕೊಟ್ಟಾಗ ಆರಂಭಿಸಿದ್ದು ಕಿಲೋ ತೂಕಕ್ಕೆ 0.1 ಮೈಕ್ರೊಗ್ರಾಂನಿಂದ, ಲಂಡನ್ನಿನ ಪ್ರಮಾಣದ ಸಾವಿರದಲ್ಲಿ ಒಂದು ಪಾಲು. ಮೆಲ್ಲಗೆ 7 ಮೈಕ್ರೊಗ್ರಾಂವರೆಗೆ ಏರಿಸಿದರು. ಉರಿಯೂತದ ಸೈಟೊಕೈನ್‌ಗಳು ಏಳಲಿಲ್ಲ. ರಕ್ತದಲ್ಲಿ ಏರಿದ್ದು ಇಂಟರ್‌ಲ್ಯೂಕಿನ್-10, ಅಂದರೆ ಶಮನದ ಸಂದೇಶ. ಈ ಸಲ ಮನುಷ್ಯರ ರಕ್ತ ಹೇಳಿದ್ದೂ ತಟ್ಟೆ ಹೇಳಿದ್ದೂ ಒಂದೇ ಆಗಿತ್ತು.